ಮುಚ್ಚಳದ ಒಳಗಿನ ತಾರೀಖು

ನಮ್ಮ ಕಂಪನಿ ವರ್ಷಕ್ಕೆ ನಾಲ್ಕು ಸಲ ಏನಾದರೊಂದು ಹೊಸದನ್ನು ಕಂಡುಹಿಡಿಯುತ್ತದೆ. ಅದು ಹಳೆಯದೇ ಎಂದು ಕಂಡುಹಿಡಿಯುವುದು ನನ್ನ ಕೆಲಸ. ಪೇಟೆಂಟ್ ಅರ್ಜಿ ಹೊರಗೆ ಹೋಗುವ ಮುಂಚೆ, ಆ ಯೋಚನೆ ಬೇರೆ ಯಾರಿಗಾದರೂ ಮೊದಲೇ ಹೊಳೆದಿತ್ತೇ ಎಂದು ಹುಡುಕಿ ಸಹಿ ಹಾಕಬೇಕು. ಮೂಲೆ ದುಂಡಗೆ ಮಾಡಿದ್ದು, ಬಣ್ಣ ಬದಲಿಸಿದ್ದು, ಹೆಸರು ಬದಲಿಸಿದ್ದು, ಇವನ್ನೇ ಹನ್ನೊಂದು ವರ್ಷದಿಂದ ನೋಡಿ ನೋಡಿ ಸಾಕುಸಾಕಾಗಿದೆ. ಹಾಗಂತ ಎಲ್ಲವೂ ಬೊಗಳೆಯಲ್ಲ. ಎರಡು ಸಲ ನಿಜವಾಗಿ ಹೊಸದನ್ನು ಕಂಡು ಕುರ್ಚಿಯಿಂದ ಎದ್ದು ನಿಂತಿದ್ದೇನೆ. ಆ ಎರಡನ್ನೂ, ಮಾರುವುದು ಕಷ್ಟವೆಂದು ಕಂಪನಿ ಮೂಲೆಗೆ ತಳ್ಳಿತು.

ಆ ಗುರುವಾರ ಬಂದ ಕಡತದ ಹೆಸರು 'ಸ್ಥಿರಸ್ಪರ್ಶ'. ಕಳಿಸಿದವನು ವಿನ್ಯಾಸ ವಿಭಾಗದ ಹಿರಿಯ. ಮಾತೆತ್ತಿದರೆ 'ಜಗತ್ತಿನಲ್ಲೇ ಮೊದಲ ಬಾರಿಗೆ' ಎನ್ನುವ ಅವನಿಗೆ ನಾವಿಟ್ಟ ಹೆಸರು ಜಗತ್ಪ್ರಥಮ. ಕೈ ನಡುಗುವವರಿಗಾಗಿ ಫೋನಿನ ಪರದೆಯ ಮೇಲೆ ಕೂರಿಸುವ ದಪ್ಪ ಪ್ಲಾಸ್ಟಿಕ್ ಹಾಳೆ, ಅದರಲ್ಲಿ ನಾಲ್ಕು ತೂತು. ಬೆರಳು ಎಲ್ಲೆಲ್ಲಿ ತಡವರಿಸಿದರೂ ತೂತಿಗೆ ಬಿದ್ದಾಗ ಮಾತ್ರ ಕರೆ ಹೋಗುತ್ತದೆ. ಚಿತ್ರ ನೋಡಿದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯಿತು. ಅದು ನಮ್ಮ ಚಿಕ್ಕಪ್ಪನದು.

ಚಿಕ್ಕಪ್ಪ ಫೋನ್ ರಿಪೇರಿ ಮಾಡುವವರು. ಅವರ ಅಂಗಡಿ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿದೆ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಅಜ್ಜಿಗೆ ಕೈ ನಡುಕ ಶುರುವಾದ ಮೇಲೆ ಮಕ್ಕಳಿಗೆ ಮಾಡಿದ ಫೋನು ಯಾರ್ಯಾರಿಗೋ ಹೋಗುತ್ತಿತ್ತು. ಒಮ್ಮೆಯಂತೂ ಯಾವುದೋ ವಿಮಾ ಕಚೇರಿಯವನಿಗೆ ಅರ್ಧ ಗಂಟೆ ಮೊಣಕಾಲು ನೋವಿನ ಕಥೆ ಹೇಳಿದ್ದರು. ಆಗ ಚಿಕ್ಕಪ್ಪ ಒಂದು ಡಬ್ಬಿಯ ಮುಚ್ಚಳ ಕತ್ತರಿಸಿ, ನಾಲ್ಕು ಮಕ್ಕಳಿಗೆ ನಾಲ್ಕು ತೂತು ಕೊರೆದು, ಮೂಲೆಗೆ ಅಂಟು ಹಾಕಿ ಕೂರಿಸಿಕೊಟ್ಟರು. ಅಜ್ಜಿ ಹೋದ ಮೇಲೂ ಸುದ್ದಿ ಬಾಯಿಂದ ಬಾಯಿಗೆ ಹರಡಿ, ಕೈ ನಡುಗುವವರು ಆ ಅಂಗಡಿಯನ್ನು ಹುಡುಕಿಕೊಂಡು ಬರುತ್ತಲೇ ಇದ್ದರು. ಪೇಟೆಂಟ್ ಸಿಕ್ಕರೆ ಅದಕ್ಕೆಲ್ಲ ಕಲ್ಲು ಬೀಳುತ್ತದೆ. ಹಿಂದೊಮ್ಮೆ ಒಂದು ಚಾರ್ಜರಿನ ಕೊಕ್ಕೆಗಾಗಿ ನಮ್ಮ ವಕೀಲರು ಇಂಥ ಅಂಗಡಿಗಳಿಗೇ ನೋಟಿಸ್ ಕಳಿಸಿ ಬಾಯಿ ಮುಚ್ಚಿಸಿದ್ದನ್ನು ನಾನೇ ನೋಡಿದ್ದೆ.

ಕಡತ ಹಿಡಿದು ಮೇಡಂ ಹತ್ತಿರ ಹೋದೆ. ಅವರು ನಮ್ಮ ವಿಭಾಗಕ್ಕೆ ಮುಖ್ಯಸ್ಥೆ, ಕೆಟ್ಟವರಲ್ಲ, ಆದರೆ ನಿಯಮ ಬಿಟ್ಟು ಒಂದಿಂಚೂ ಅಲುಗಾಡುವವರಲ್ಲ. ಎಲ್ಲವನ್ನೂ ಕೇಳಿ, "ಮನೆ ಕಥೆ ಸಾಕ್ಷಿ ಆಗಲ್ಲ. ತಾರೀಖು ಇರೋದು ಏನಾದ್ರೂ ತನ್ನಿ. ಐದು ಗಂಟೆಗೆ ಅರ್ಜಿ ಹೊರಡುತ್ತೆ" ಎಂದರು.

ಚಿಕ್ಕಪ್ಪನಿಗೆ ಫೋನ್ ಮಾಡಿ ಬಿಲ್ಲು, ಫೋಟೋ, ಚೀಟಿ, ಏನಾದರೂ ಇದೆಯೇ ಎಂದು ಕೇಳಿದೆ. ಒಂದೂ ಇಲ್ಲ.

"ತೂತು ಕೊರೆದಿದ್ದಕ್ಕೆ ಯಾರಾದ್ರೂ ಫೋಟೋ ತೆಗೀತಾರೇನೇ ಪುಟ್ಟಿ?"

ನನಗೆ ತಲೆ ಕೆಟ್ಟುಹೋಯಿತು. ಇಲ್ಲಿ ಬಾಯಿ ಚಪ್ಪರಿಸಿದ್ದಕ್ಕೂ ಫೋಟೋ ತೆಗೆಯುವವರಿದ್ದಾರೆ, ನಿಮ್ಮಂಥವರಿಂದಲೇ ಇವರೆಲ್ಲ ಮೆರೆಯುತ್ತಾರೆ ಎಂದು ಜನ್ಮದಲ್ಲಿ ಮೊದಲ ಸಲ ಅವರನ್ನು ಬೈದೆ. ಅವರು ಪೂರ್ತಿ ಕೇಳಿಸಿಕೊಂಡು, "ತಾರೀಖು ಅಂದ್ರೆ ಮುಚ್ಚಳದ ಒಳಗೆ ಇರುತ್ತಲ್ಲ" ಎಂದರು.

ಅದನ್ನು ನಾನು ಮರೆತೇಬಿಟ್ಟಿದ್ದೆ. ಚಿಕ್ಕಪ್ಪ ಕೆಲಸ ಕಲಿತದ್ದು ಒಬ್ಬ ಗಡಿಯಾರ ರಿಪೇರಿಯವರ ಹತ್ತಿರ. ಬಿಚ್ಚಿದ ಪ್ರತಿ ವಸ್ತುವಿನ ಮುಚ್ಚಳದ ಒಳಗೆ ಸೂಜಿಯಿಂದ ಒಂದು ಪುಟ್ಟ ಬಾಣ, ಅಂದಿನ ತಾರೀಖು, ಮಾಡಿದ ಕೆಲಸ ಗೀಚುವುದು ಅವರಿಂದ ಬಂದ ಅಭ್ಯಾಸ. ಅದೇ ವಸ್ತು ಮತ್ತೆ ರಿಪೇರಿಗೆ ಬಂದರೆ ತಮ್ಮ ಕೈಕೆಲಸ ಗುರುತು ಸಿಗಲಿ ಎಂದು. ಆದರೆ ಅಜ್ಜಿಯ ಫೋನು ಮನೆ ಖಾಲಿ ಮಾಡುವಾಗ ಹಳೇ ಸಾಮಾನಿನವನ ಗಾಡಿ ಸೇರಿತ್ತು. ಬಂದುಹೋದವರ ವಿಳಾಸ ಕೇಳಿದರೆ, ಅದನ್ನೆಲ್ಲ ಯಾರು ಬರೆದಿಟ್ಟುಕೊಳ್ಳುತ್ತಾರೆ ಎಂದರು ಚಿಕ್ಕಪ್ಪ. ಗಂಟೆ ಆಗಲೇ ಮೂರೂವರೆ.

ಬೇರೇನೂ ತೋಚದೆ, ಜಗಳವಾದರೂ ಆಡೋಣ ಎಂದು ಮೂರನೇ ಮಹಡಿಯ ವಿನ್ಯಾಸ ವಿಭಾಗಕ್ಕೆ ಇಳಿದೆ. ಇದು ನಿಮಗೆ ಎಲ್ಲಿ ಹೊಳೆಯಿತು ಎಂದು ಜಗತ್ಪ್ರಥಮನನ್ನು ಕೇಳಿದರೆ, ಸ್ನಾನ ಮಾಡುವಾಗ ಎಂದ. ಅವನ ಮೇಜಿನ ಮೇಲೆ 'ಸ್ಫೂರ್ತಿ' ಎಂದು ಚೀಟಿ ಅಂಟಿಸಿದ ತಟ್ಟೆಯಿತ್ತು. ಅದರ ತುಂಬ ಹಳೇ ಸಾಮಾನಿನ ಸಂತೆಯಿಂದ ತಂದ ಫೋನುಗಳು. ಒಂದರ ನಾಲ್ಕೂ ಮೂಲೆಯಲ್ಲಿ ಅಂಟು ಹಳದಿಗಟ್ಟಿತ್ತು. ಅದರ ತೂತಿನ ಹಾಳೆ ಪಕ್ಕದಲ್ಲೇ, ಅಳತೆಪಟ್ಟಿಯ ಮೇಲೆ ಮಲಗಿತ್ತು.

ಉಗುರು ಹಾಕಿ ಹಿಂದಿನ ಮುಚ್ಚಳ ಎಬ್ಬಿಸಿದೆ. ಒಳಗೆ ಬಾಣ. ಒಂಬತ್ತು ವರ್ಷದ ಹಿಂದಿನ ತಾರೀಖು. ಕೆಳಗೆ 'ತೂತು ೪'. ತಾರೀಖು ನಮ್ಮ ಅಜ್ಜಿ ಹೋದ ಮೇಲಿನದು, ಹಾಗಾಗಿ ಅದು ಅವರ ಫೋನಲ್ಲ, ಬೇರೆ ಯಾರದೋ ಅಜ್ಜಿಯದು. ಆದರೂ ನನ್ನ ಕಣ್ಣು ತುಂಬಿಬಂತು.

"ಅದು ಬರೀ ಸ್ಫೂರ್ತಿ," ಎಂದ ಜಗತ್ಪ್ರಥಮ.

ನಾಲ್ಕು ಐವತ್ತಕ್ಕೆ ಅರ್ಜಿಯ ಮೇಲೆ 'ಮೊದಲೇ ಇದೆ' ಎಂದು ಬರೆದು, ಮುಚ್ಚಳದ ಫೋಟೋ ಸೇರಿಸಿ ಸಹಿ ಹಾಕಿದೆ. 'ಎಲ್ಲಿ ಸಿಕ್ಕಿತು' ಎಂಬ ಕಡೆ ನಮ್ಮದೇ ಕಟ್ಟಡದ ಮೂರನೇ ಮಹಡಿ ಎಂದು ಬರೆದೆ. ಮೇಡಂ ಕನ್ನಡಕ ತೆಗೆದು ನನ್ನನ್ನು ಒಂದು ಸಲ ನೋಡಿ, ಅರ್ಜಿಯನ್ನು ಡ್ರಾಯರಿನೊಳಗೆ ಹಾಕಿ ಬೀಗ ಹಾಕಿದರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಎರಡು ತಿಂಗಳಲ್ಲಿ ಬಸ್ ನಿಲ್ದಾಣದಷ್ಟು ಉದ್ದದ ಜಾಹೀರಾತು ಬಂತು: 'ಸ್ಥಿರಸ್ಪರ್ಶ. ಜಗತ್ತಿನಲ್ಲೇ ಮೊದಲ ಬಾರಿಗೆ.' ಮಾರಾಟ ವಿಭಾಗದವರನ್ನು ಹೋಗಿ ಕೇಳಿದೆ. ಪೇಟೆಂಟಿಗೆ ಸಾಕ್ಷಿ ಬೇಕು, ಜಾಹೀರಾತಿಗೆ ಬೇಡವಲ್ಲ ಎಂದು ನಕ್ಕರು. ನಮ್ಮ ಜಗತ್ತಿನಲ್ಲಿ ಮೊದಲು ತಾನೇ, ಎಂದನೊಬ್ಬ. ಇವರ ಜೊತೆ ಇನ್ನೇನು ತಲೆ ಚಚ್ಚಿಕೊಳ್ಳುವುದು?

ಆ ಭಾನುವಾರ ಚಿಕ್ಕಪ್ಪನ ಅಂಗಡಿಯಲ್ಲಿ ಕೂತಿದ್ದೆ. ಒಬ್ಬಾತ ತಾಯಿಯ ಕೈ ಹಿಡಿದುಕೊಂಡು ಬಂದ. ಇನ್ನೊಂದು ಕೈಯಲ್ಲಿ ಆ ಜಾಹೀರಾತಿನ ಕಾಗದ.

"ಇವರು ಕಂಡುಹಿಡಿದಿದ್ದನ್ನ ನೀವು ಕಾಪಿ ಮಾಡಿಕೊಡ್ತೀರಂತೆ, ಹೌದಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ, "ಮಾಡಿಕೊಡ್ತೀನಿ, ಕೂತ್ಕೊಳ್ಳಿ" ಎಂದು ಎಷ್ಟು ಮಕ್ಕಳು ಎಂದು ಕೇಳಿದರು. ಆಕೆ ಮೂವರು ಎಂದರು. ಮೂರು ತೂತು ಬಿತ್ತು. ನಡುಗುವ ಬೆರಳು ಹಾಳೆಯ ಮೇಲೆ ಅತ್ತಿತ್ತ ಅಲೆದು ನಡುವಿನ ತೂತಿಗೆ ಇಳಿಯಿತು. ಪಕ್ಕದಲ್ಲೇ ನಿಂತಿದ್ದ ಮಗನ ಜೇಬು ಗುಣುಗುಟ್ಟಿತು. ಆತ ಫೋನ್ ಕಿವಿಗೆ ಹಿಡಿದು, ಒಂದು ಮೊಳ ದೂರದಲ್ಲಿದ್ದ ತಾಯಿಗೆ "ಹೇಳಮ್ಮ" ಎಂದ. ಆಕೆ ನಕ್ಕುಬಿಟ್ಟರು.

"ಆ ಕಂಪನಿಯವರ ಹೊಟ್ಟೆ ತಣ್ಣಗಿರಲಿ," ಎಂದರು ಆಮೇಲೆ.

"ಇವಳು ಆ ಕಂಪನಿಯವಳೇ, ನಮ್ಮಣ್ಣನ ಮಗಳು," ಎಂದರು ಚಿಕ್ಕಪ್ಪ, ಹೆಮ್ಮೆಯಿಂದಲೇ.

ಆಕೆ ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. ಆ ನಡುಕ ನನ್ನ ಮೊಣಕೈವರೆಗೂ ಬಂತು. ಇದು ನಮ್ಮದಲ್ಲ, ಎದುರಿಗೆ ಕೂತಿರುವ ಇವರದು ಎಂದು ಹೇಳಲು ಹೊರಟೆ. ಚಿಕ್ಕಪ್ಪ ಬೇಡವೆಂದು ತಲೆಯಾಡಿಸಿದರು. ಆಮೇಲೆ ಆಕೆಯ ಫೋನನ್ನು ಮಗುಚಿ, ಮುಚ್ಚಳ ತೆಗೆದು, ಸೂಜಿ ನನ್ನ ಕಡೆ ಚಾಚಿ, ಇವತ್ತು ತಾರೀಖು ಎಷ್ಟು, ನೀನೇ ಬರಿ ಎಂದರು.