ಕಪ್ಪು ಚೀಟಿ

ಚೀಟಿಯ ದಾರವನ್ನು ಕೊರಳಿಗೆ ಹಾಕಿಕೊಂಡು ಅವಳು ಆಸ್ಪತ್ರೆಯ ಹಿಂದಿನ ಅಂಗಳದ ಸಿಮೆಂಟಿನ ಮೇಲೆ ಅಂಗಾತ ಮಲಗಿದಳು. ಕೆಂಪು ಚೀಟಿಯವರಿಗೆ ಮೊದಲು ಚಿಕಿತ್ಸೆ. ಹಳದಿಯವರು ಕಾಯಬಹುದು. ಕಪ್ಪು ಎಂದರೆ ಸತ್ತವರು. ಅವರನ್ನು ದಾಟಿ ಹೋಗಬೇಕು. ಅವಳದು ಕಪ್ಪು.

ವಿಷಾನಿಲ ಸೋರಿದ ದಿನ ಏನು ಮಾಡಬೇಕೆಂಬುದರ ಅಭ್ಯಾಸ ಅದು. ಹಿಂದೆಲ್ಲ ರೋಗಿಗಳಾಗಲು ಕಾಲೇಜಿನಿಂದ ಅರವತ್ತು ಮಂದಿ ಬರುತ್ತಿದ್ದರು. ಈಗ ಒಂಬತ್ತೇ ಮಂದಿ; ಜನ ಸಾಲದೆ, ವಿಷಾನಿಲ ಕುಡಿದವರಿಗೆಂದೇ ಇಟ್ಟ ವಾರ್ಡಿನ ಹಿರಿಯ ನರ್ಸ್ ಆದ ಅವಳೂ ಮಲಗಬೇಕಾಯಿತು. ಇಪ್ಪತ್ತಮೂರು ವರ್ಷಗಳಲ್ಲಿ ಆ ವಾರ್ಡಿಗೆ ನಿಜವಾದ ರೋಗಿ ಒಬ್ಬನೂ ಬಂದಿರಲಿಲ್ಲ. ಇಂದು ಸರ್ಕಾರದ ಅಧಿಕಾರಿ ಮೆಚ್ಚಿದರೆ ಅನುದಾನ ಮುಂದುವರಿಯುತ್ತದೆ. ಇಲ್ಲವಾದರೆ ವಾರ್ಡಿಗೆ ಬೀಗ.

ಬೆಳಿಗ್ಗೆ ಗಂಡನಿಗೆ ಹೇಳಿದ್ದಳು.

“ಇವತ್ತು ಡ್ರಿಲ್ ಇದೆ ರೀ.”

“ಯಾವುದು?”

“ಗ್ಯಾಸಿಂದು.”

“ಅದನ್ನ ಇನ್ನೂ ಮಾಡ್ತಾರಾ?” ಅವನು ಪತ್ರಿಕೆಯ ಹಾಳೆ ಮಗುಚಿದ.

“ಹೂಂ. ನಾನೇ ಹೆಣ.”

“ಊಟಕ್ಕೆ ಬರ್ತೀಯ ತಾನೆ?”

ಮೊದಲ ವರ್ಷವೂ ಅವಳೇ ಹೆಣ. ಆಗಿನ್ನೂ ಹೊಸ ನರ್ಸ್. ಮುಖವಾಡ ತೊಟ್ಟ ಎಳೆಯ ಡಾಕ್ಟರೊಬ್ಬ ಚೀಟಿ ನೋಡಿಯೂ ಅವಳ ಪಕ್ಕ ಮಂಡಿಯೂರಿ, ದಪ್ಪ ರಬ್ಬರ್ ಗವಸಿನ ಕೈಯಲ್ಲೇ ನಾಡಿ ಹುಡುಕಿದ್ದ. ಆ ಗವಸಿಗೆ ನಾಡಿ ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗವಸಿನೊಳಗಿನ ಪೌಡರಿನ ವಾಸನೆ ಅವಳಿಗೆ ಈಗಲೂ ನೆನಪಿದೆ. ಪೂರ್ತಿ ನಾಲ್ಕು ನಿಮಿಷ. ಅಷ್ಟರಲ್ಲಿ ಆಚೆ ಮೂವರು ಕೆಂಪು ಚೀಟಿಯವರು ಸತ್ತರೆಂದು ಸಾರಲಾಯಿತು.

“ಸತ್ತವಳ ಕೈ ಹಿಡ್ಕೊಂಡು ಕೂತ್ರೆ ಬದುಕಿರೋರನ್ನ ನಿಮ್ಮಪ್ಪ ಬಂದು ನೋಡ್ತಾನೇನಯ್ಯ?” ಎಂದು ಹಿರಿಯ ಡಾಕ್ಟರು ಗದರಿದರು. ಅಂಗಳವೆಲ್ಲ ನಕ್ಕಿತು. ಹೆಣವೂ ನಕ್ಕಿತು. ಮರುವರ್ಷ ಅವರಿಬ್ಬರ ಮದುವೆಯಾಯಿತು.

ಸೀಟಿ ಊದಿದರು. ಬೂಟುಗಳು ಹತ್ತಿರ ಬಂದವು. ಕಪ್ಪು ಕಂಡರೆ ಕಾಲು ನಿಲ್ಲಬಾರದು ಎಂದು ವಾರ್ಡಿನ ಈ ನರ್ಸ್ ಹುಡುಗಿಯರಿಗೆ ಕಲಿಸಿದವಳು ಅವಳೇ. ಒಬ್ಬಳು ಬಗ್ಗಿ ಚೀಟಿ ನೋಡಿದಳು. ಮುಖವಾಡದ ಗಾಜಿನಲ್ಲಿ ಆಕಾಶವಷ್ಟೇ ಕಂಡಿತು.

ಒಂದು ಗಳಿಗೆ ನಿಲ್ಲೇ ತಾಯಿ, ಎಂದುಕೊಂಡಳು. ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು. ಇವಳು ನಿಂತರೆ ವಾರ್ಡು ಹೋಗುತ್ತದೆ. ಹೋದರೆ ಹೋಗಲಿ ಅನ್ನಿಸಿ ಇನ್ನೂ ನಾಚಿಕೆಯಾಯಿತು.

“ಕಪ್ಪು,” ಎಂದು ಕೂಗಿ ಹುಡುಗಿ ದಾಟಿದಳು. ಎರಡನೆಯವಳು ದಾಟಿದಳು. ಮೂರನೆಯವಳು ನೋಡಲೂ ಇಲ್ಲ.

“ಹನ್ನೊಂದು ನಿಮಿಷ,” ಅಧಿಕಾರಿಯ ದನಿ ದೂರದಿಂದ ಕೇಳಿಸಿತು. “ಒಂದೂ ತಪ್ಪಿಲ್ಲ. ಇನ್ನೈದು ವರ್ಷ ನಿಮಗೆ ಯೋಚನೆ ಇಲ್ಲ ಬಿಡಿ.”

“ಎಲ್ಲಾ ನಮ್ಮ ಸಿಸ್ಟರ್ ಕಲಿಸಿದ್ದು ಸಾರ್.” ಆಸ್ಪತ್ರೆಯ ಮುಖ್ಯಸ್ಥರ ದನಿ.

“ಹೌದಾ? ಎಲ್ಲಿ ಅವರು?”

“ಇಲ್ಲೇ ಎಲ್ಲೋ ಇರ್ಬೇಕು. ಬನ್ನಿ ಸಾರ್, ಟೀ ಆರುತ್ತೆ.”

ಏಳಬೇಕು ಎಂದುಕೊಂಡಳು. ಯಾವ ಮಗ್ಗುಲಿಂದ ಏಳುವುದೋ ಮೈಗೆ ತಿಳಿಯಲಿಲ್ಲ.

ಮೈಗಂಟಿದ ವಿಷ ಹೋಗಲೆಂದು ರೋಗಿಗಳನ್ನು ತೊಳೆದ ಡೇರೆಯಿಂದ ಯಾರೋ ಸಾಬೂನು ನೀರನ್ನು ಹೊರಗೆ ಬಿಟ್ಟರು. ಅದು ಇಳಿಜಾರಿನಲ್ಲಿ ಹರಿದು ಬಂದು, ಅವಳ ತಲೆಯ ಬಳಿ ಕವಲೊಡೆದು, ಎರಡೂ ಪಕ್ಕದಿಂದ ಇಳಿದು, ಪಾದಗಳ ಆಚೆ ಮತ್ತೆ ಒಂದಾಗಿ ಚರಂಡಿಯ ಕಡೆಗೆ ಹೋಯಿತು.