ಬೈಲಪ್ಪನ ಲತೀನು

ಪೆಟಾರಿಯ ಮುಚ್ಚಳ ಎತ್ತುತ್ತಲೇ ಆರಿಸಿದ ಮೇಣದಬತ್ತಿಯ ವಾಸನೆ ಜ್ಞಾನಮ್ಮನ ಮೂಗಿಗೆ ಬಡಿಯಿತು. ಏಳು ವರ್ಷದವಳಾಗಿದ್ದಾಗ ಅಜ್ಜಿಯನ್ನು ಮಣ್ಣು ಮಾಡಿದ ದಿನದ ವಾಸನೆ ಅದು. ಬತ್ತಿಯ ಹೊಗೆ, ಅದರಡಿಯಲ್ಲಿ ಆಗಷ್ಟೇ ಅಗೆದ ಕೆಮ್ಮಣ್ಣಿನ ತಂಪು. ಒಂದು ಗಳಿಗೆ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಗಂಡನ ಬಿಳಿಯ ನಿಲುವಂಗಿ, ಕಾಲು ಮುರಿದ ಕನ್ನಡಕ, ಬತ್ತಿಯ ತುಂಡುಗಳ ಡಬ್ಬಿ ಎಲ್ಲವನ್ನೂ ಪಕ್ಕಕ್ಕಿಟ್ಟು, ತಳದಲ್ಲಿದ್ದ ಹಾಡಿನ ಪುಸ್ತಕವನ್ನು ಎಳೆದಳು.

"ಸಿಕ್ತಾ ಅತ್ತಿಗೆ?" ಬಾಗಿಲಲ್ಲಿ ನಿಂತಿದ್ದ ಮೈದುನ ಚೌರಪ್ಪ ಕೇಳಿದ.

"ಸಿಕ್ತು. ತಗೋ, ನೀನೇ ಹಾಡು."

ಚೌರಪ್ಪ ಪುಸ್ತಕ ತೆರೆದ. ಹುಳು ತಿಂದ ಹಾಳೆಗಳಲ್ಲಿ ಸಾಲುಸಾಲಾಗಿ ರೋಮಿನ ಹಳೆಯ ಭಾಷೆ ಲತೀನಿನ ಮಾತು, ಮೇಲೆ ಇರುವೆಗಳಂತೆ ರಾಗದ ಗುರುತು. ನೋಡಿದ, ಮುಚ್ಚಿದ.

"ಎರಡು ಸಾಲು ಬರುತ್ತೆ ಅತ್ತಿಗೆ. ಮೂರನೇ ಸಾಲಿಗೆ ಅಣ್ಣನ ಹುಣಸೆ ಬರಲಿನ ಏಟು ಜ್ಞಾಪಕಕ್ಕೆ ಬರುತ್ತೆ. ಅಲ್ಲಿಗೆ ಸರಿ."

ಹೊರಗೆ ಜಗಲಿಯಲ್ಲಿ ಅವಳ ಗಂಡ ಇನ್ನಾಸಪ್ಪ ಶವದ ಪೆಟ್ಟಿಗೆಯೊಳಗೆ ಮಲಗಿದ್ದ. ಚನ್ನರಾಯಪಟ್ಟಣದ ಕಡೆಯ ಆ ಸಣ್ಣ ಊರಿನ ಇಗರ್ಜಿಯಲ್ಲಿ ನಲವತ್ತು ವರ್ಷ ಉಪದೇಶಿಯಾಗಿದ್ದವನು. ಗಂಟೆ ಹೊಡೆಯುವುದು, ಮಕ್ಕಳಿಗೆ ಜಪ ಕಲಿಸುವುದು, ಯಾರಾದರೂ ಸತ್ತರೆ ಗುಡಿಯಿಂದ ಗೋರಿಯವರೆಗೆ ಲತೀನಿನ ಹಾಡು ಹಾಡುತ್ತಾ ಮುಂದೆ ನಡೆಯುವುದು ಅವನ ಕೆಲಸ. ಎಂಟು ವರ್ಷದ ಹಿಂದೆ ಪೂಜೆಯೆಲ್ಲ ಕನ್ನಡಕ್ಕೆ ತಿರುಗಿತು. ಊರು ಸಂತೋಷಪಟ್ಟಿತು. ಇನ್ನಾಸಪ್ಪ ಮಾತ್ರ ಬಾಯಿ ಕಟ್ಟಿಕೊಂಡು ಗಂಟೆಯಷ್ಟನ್ನೇ ಹೊಡೆದ.

ಹೋದ ಶುಕ್ರವಾರ ಕೆಮ್ಮು ಬಿಟ್ಟ ಸಂದಿನಲ್ಲಿ ಹೆಂಡತಿಯ ಮುಂಗೈ ಹಿಡಿದಿದ್ದ. "ಇನ್ನೂರು ಜನಾನ ಹಾಡಿ ಕಳಿಸಿದೀನಿ. ನನ್ನ ಮಾತ್ರ ಮೂಕನ ಹಂಗೆ ಕಳಿಸ್ಬೇಡ."

"ಇಲ್ಲ," ಎಂದು ಜ್ಞಾನಮ್ಮ ಮಾತು ಕೊಟ್ಟಿದ್ದಳು. ಕೊಟ್ಟ ಮೇಲೆಯೇ ಹಾಡುವವರು ಯಾರೂ ಉಳಿದಿಲ್ಲವೆಂದು ಹೊಳೆದದ್ದು.

ಜಗಲಿಯ ಮೇಲಿದ್ದವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ಅಣ್ಣ ನಾಲ್ಕು ಜನಕ್ಕೆ ಹಾಡು ಹೇಳ್ಕೊಡೋಕೆ ಶುರು ಮಾಡ್ದ, ನಾಲ್ಕೂ ಜನಾನ ಓಡಿಸ್ದ," ಎಂದ ಚೌರಪ್ಪ. "ಒಂದಕ್ಷರ ಓರೆಯಾದ್ರೆ ಬರಲು."

"ಈಗ ಸ್ವರ್ಗದ ಬಾಗಿಲು ಕಾಯೋ ಸಂತ ರಾಯಪ್ಪರಿಗೇ ತಿದ್ತಾ ನಿಂತಿರ್ತಾನೆ ಬಿಡು," ಎಂದ ಮುದುಕನೊಬ್ಬ. ಯಾರೋ ನಕ್ಕು, ಪೆಟ್ಟಿಗೆಯ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು.

ಪಕ್ಕದ ಮನೆಯ ಮುನಿವೆಂಕಟಮ್ಮ ಜ್ಞಾನಮ್ಮನ ಬೆನ್ನಿನ ಮೇಲೆ ಕೈಯಿಟ್ಟಳು. "ನೀನು ಒಲೆ ಚಿಂತೆ ಬಿಡು. ಸಾರಿಗಿಟ್ಟು ಬಂದಿದೀನಿ."

ಇಗರ್ಜಿಯ ಹೊಸ ಸ್ವಾಮಿಗಳು ಹನ್ನೊಂದು ಗಂಟೆಗೆ ಬಂದರು. ಮೂವತ್ತೆರಡರ ಪ್ರಾಯ, ರೋಮಿನಲ್ಲಿ ಎರಡು ವರ್ಷ ಓದಿ ಬಂದವರು. ಜ್ಞಾನಮ್ಮ ಹೇಳಿದ್ದನ್ನು ಪೂರ್ತಿ ಕೇಳಿದರು.

"ನಾನು ಬೇಡ ಅನ್ನಲ್ಲಮ್ಮ. ಪ್ರಾರ್ಥನೆ ಕನ್ನಡದಲ್ಲೇ ಆಗ್ಲಿ, ಜನಕ್ಕೆ ಅರ್ಥವಾಗ್ಬೇಕಲ್ಲ. ಆಮೇಲೆ ಹಾಡಿ. ಆದ್ರೆ ಹಾಡೋರು ಯಾರು? ನನಗೆ ಓದೋಕೆ ಬರುತ್ತೆ, ರಾಗ ಬರಲ್ಲ. ನನ್ನ ಗಂಟಲು ನೀವೇ ಕೇಳಿದೀರಲ್ಲ."

ಕೇಳಿದ್ದಳು. ಅವಳು ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡಳು.

*

ಇನ್ನಾಸಪ್ಪನಿಗೆ ಲತೀನು ಕಲಿಸಿದವರು ಫ್ರಾನ್ಸಿನಿಂದ ಬಂದ ದೊಡ್ಡ ಸ್ವಾಮಿಗಳು. ತಮ್ಮ ದೇಶಕ್ಕೆ ಹಿಂದಿರುಗುವ ಮುಂಚಿನ ವರ್ಷಗಳಲ್ಲಿ, ಸಂಜೆ ಚಕ್ಕೋತದ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಉಪದೇಶಿಯ ಜೊತೆ ಹರಟುತ್ತಿದ್ದರು. ಜ್ಞಾನಮ್ಮ ಕಾಫಿ ತಂದಿಟ್ಟು ಕಂಬಕ್ಕೆ ಒರಗಿ ಕೇಳುತ್ತಿದ್ದಳು.

"ನೀರಿಗೆ ರೋಮಿನವರು ಆಕ್ವಾ ಅಂದರು ಇನ್ನಾಸಪ್ಪ. ಸ್ಪೇನಿನ ಜನ ಅದನ್ನು ಆಗ್ವಾ ಮಾಡಿದರು. ರುಮೇನಿಯಾದಲ್ಲಿ ಆಪ. ನಮ್ಮ ಹಳ್ಳಿಯವರು ತೇದು ತೇದು ಬರೀ 'ಓ' ಅಂತ ಉಳಿಸಿದರು. ಲೋಟ ನೀರು ಬೇಕಾದರೆ ನಾನು ಓ ಅಂದರೆ ಸಾಕು."

ಜ್ಞಾನಮ್ಮ ಸೆರಗು ಅಡ್ಡ ಹಿಡಿದು ನಕ್ಕಳು. ಇನ್ನಾಸಪ್ಪ ನಗಲಿಲ್ಲ.

"ಅಂದ್ರೆ ನಿಮ್ಮ ಮಾತು ಕೆಟ್ಟ ಲತೀನಾ ಸ್ವಾಮಿ?"

"ಕೆಟ್ಟದ್ದೇ. ಸಿಪಾಯಿಗಳು, ಕುರಿ ಕಾಯುವವರು, ಸಂತೆಯ ಹೆಂಗಸರು ಕೆಡಿಸಿದ್ದು. ಮೊದಲು ಪ್ರತಿ ಮಾತಿಗೂ ನಿಮ್ಮ ವಿಭಕ್ತಿಯ ಹಾಗೆ ಒಂದು ಬಾಲ ಇತ್ತು. ಯಾರು ಯಾರಿಗೆ ಹೊಡೆದರು ಅಂತ ಬಾಲ ನೋಡಿ ಹೇಳಬಹುದಿತ್ತು. ಇವರ ಬಾಯಲ್ಲಿ ಬಾಲ ಸವೆದುಹೋಯಿತು. ಈಗ ನಮ್ಮ ಮಾತುಗಳು ಶಾಲೆಯ ಮಕ್ಕಳ ಹಾಗೆ ಸಾಲು ತಪ್ಪದೆ ನಿಲ್ಲಬೇಕು." ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟರು. "ಸಮುದ್ರ ದಾಟಿ ನಿಮ್ಮಲ್ಲಿಗೂ ಬಂದಿದೆ. ಜ್ಞಾನಮ್ಮನ ಸೊಂಟದ ಚಾವಿ, ಗೋಡೆ ಕಟ್ಟುವ ಮೇಸ್ತ್ರಿ, ನನ್ನನ್ನು ನೀವು ಪಾದ್ರಿ ಅನ್ನುತ್ತೀರಲ್ಲ ಅದು, ಎಲ್ಲ ಲತೀನಿನ ಮೊಮ್ಮಕ್ಕಳು. ಪೋರ್ಚುಗೀಸರ ಕೈಯಲ್ಲಿ ಬಂದವು."

"ಕೆಡಿಸದೆ ಇಟ್ಕೊಂಡವರು ಯಾರೂ ಇರಲಿಲ್ವಾ?"

"ಇದ್ದರು. ಪಂಡಿತರು. ಅವರ ಲತೀನು ಪುಸ್ತಕದಲ್ಲೇ ಸತ್ತಿತು. ಕೆಡಿಸಿದವರದು ಬದುಕಿತು."

ಇನ್ನಾಸಪ್ಪ ಖಾಲಿ ಲೋಟ ಎತ್ತಿಕೊಂಡ. ಸ್ವಾಮಿಗಳ ಮಾತಿಗೆ ಎದುರಾಡಿದವನಲ್ಲ. ಮಾರನೆಯ ದಿನ ಮಾತ್ರ ಮಕ್ಕಳ ಪಾಠಕ್ಕೆ ಇನ್ನೊಂದು ಹೊಸ ಬರಲು ಮುರಿದುಕೊಂಡು ಹೋದ.

ಮರುವರ್ಷವೇ ಅದು ನಡೆದದ್ದು. ಯಾರದೋ ಸಾವಿಗೆ ಗುಂಡಿಯ ಅಳತೆ ನೋಡಲು ಹೋದ ಇನ್ನಾಸಪ್ಪನಿಗೆ ಗುಂಡಿಯೊಳಗಿನಿಂದ ಹಾಡು ಕೇಳಿಸಿತು. ತೋಟಿ ಬೈಲಪ್ಪ ಅಗೆಯುತ್ತಾ ಲತೀನು ಹಾಡುತ್ತಿದ್ದ. ಅಪ್ಪನ ಕಾಲದಿಂದ ಇಗರ್ಜಿಯವರಿಗೂ ಊರವರಿಗೂ ಗುಂಡಿ ತೋಡುವ ಮನೆತನ. ಗುಡಿಯೊಳಗೆ ಕಾಲಿಟ್ಟವನಲ್ಲ, ಬೇಲಿಯಾಚೆ ಗುದ್ದಲಿ ಊರಿಕೊಂಡು ನಿಂತೇ ಕೇಳಿದವನು.

"ಏಯ್ ಬೈಲ! ದೇವರ ಮಾತು ಕಣೋ ಅದು. ಗುಂಡಿ ತೋಡೋ ಬಾಯಲ್ಲಿ ಹೊಲಸು ಮಾಡ್ಬೇಡ."

ಬೈಲಪ್ಪ ನಿಲ್ಲಿಸಿದ. ಆಮೇಲೆ ಎಂದೂ ಹಾಡಲಿಲ್ಲ.

ಮನೆಗೆ ಬಂದು ಕಾಲು ತೊಳೆಯುತ್ತಾ ಇನ್ನಾಸಪ್ಪ ನಡೆದದ್ದನ್ನು ಹೇಳಿದ್ದ. "ಮಾತೆಲ್ಲ ಹಾಳು ಮಾಡಿದಾನೆ," ಎಂದ. ಒಂದು ತಂಬಿಗೆ ನೀರು ಖಾಲಿಯಾದ ಮೇಲೆ, "ಒಂದು ಸಾಲೂ ಬಿಟ್ಟಿರಲಿಲ್ಲ ಕಣೇ," ಎಂದ.

*

ಜ್ಞಾನಮ್ಮ ಗೋರಿಗಳ ತೋಟಕ್ಕೆ ಬಂದಾಗ ಬೈಲಪ್ಪ ಎದೆಯುದ್ದದ ಗುಂಡಿಯಲ್ಲಿ ನಿಂತಿದ್ದ. ಸತ್ತವನ ಹೆಂಡತಿ ಹೊಸಿಲು ದಾಟಿ ಬಂದದ್ದನ್ನು ನೋಡಿ ಗಾಬರಿಯಾಗಿ ತಲೆಯ ವಸ್ತ್ರ ತೆಗೆದ.

"ಬೈಲಪ್ಪ, ಇವತ್ತು ಅವರನ್ನ ನೀನು ಹಾಡಿ ಕಳಿಸ್ಬೇಕು."

"ನಾನಾ?" ಅವನು ಗುದ್ದಲಿಗೆ ಒರಗಿದ. "ಬ್ಯಾಡ ಕಣವ್ವ. ನನ್ ಬಾಯಿ ಅವ್ರಿಗೆ ಆಗ್ತಿರಲಿಲ್ಲ. ಸತ್ತೋರ ಮುಂದೆ ಯಾಕೆ ಹಟ?"

"ಬೈದಿದ್ದು ಗೊತ್ತು ನನಗೆ."

"ಹನ್ನೊಂದು ವರ್ಷ ಆಯ್ತು. ಇನ್ನೂ ಕಿವೀಲೈತೆ."

"ಅವತ್ತು ಮನೆಗೆ ಬಂದು ಇನ್ನೊಂದು ಮಾತೂ ಹೇಳಿದ್ರು. ನೀನು ಒಂದು ಸಾಲೂ ಬಿಟ್ಟಿರಲಿಲ್ಲ ಅಂತ."

ಬೈಲಪ್ಪ ಅವಳ ಮುಖ ನೋಡಿದ. ಬಗ್ಗಿ ಮತ್ತೆ ಅಗೆಯತೊಡಗಿದ. ಮಣ್ಣು ಅವಳ ಕಾಲ ಬಳಿ ಬಂದು ಬೀಳುತ್ತಿತ್ತು. ತೋಟದ ಮೂಲೆಯಲ್ಲಿ ಸಣ್ಣ ಕಲ್ಲಿನ ಶಿಲುಬೆಯಿತ್ತು. ಅವಳ ಮಗ ಅಂತೋಣಿಯದು. ಅವಳು ಅತ್ತ ನೋಡದೆ ಮನೆಗೆ ಬಂದಳು.

ಪ್ಲೇಗಿನ ವರ್ಷ ಸತ್ತ ಮಗ. ಒಂಬತ್ತು ತುಂಬಿತ್ತು. ಊರು ಗುಡಿಸಲು ಹಾಕಿಕೊಂಡು ಹೊಲ ಸೇರಿತ್ತು. ಜ್ಞಾನಮ್ಮ ಅದೇ ಜ್ವರದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಳು. ಮಣ್ಣಿಗೆ ಹೋದದ್ದು ಗಂಡ, ದೊಡ್ಡ ಸ್ವಾಮಿಗಳು, ಗುಂಡಿ ತೋಡಿದ ಬೈಲಪ್ಪ, ಅವನ ಅಪ್ಪ ಇಷ್ಟೇ ಜನ. ಎಚ್ಚರವಾದ ಮೇಲೆ ಅವಳು ಕೇಳಿದ್ದು ಒಂದೇ: "ಹಾಡಿದ್ರಾ?"

"ಹಾಡ್ದೆ. ತಪ್ಪಿಲ್ಲದೆ ಹಾಡ್ದೆ."

ಆ ಉತ್ತರವನ್ನು ಅವಳು ಕ್ಷಮಿಸಿರಲಿಲ್ಲ. ಮೂವತ್ತೈದು ವರ್ಷ ಅವನಿಗೆ ಮುದ್ದೆ ಕಟ್ಟಿ ಹಾಕಿದಳು, ನಿಲುವಂಗಿಗೆ ಗಂಜಿ ಹಾಕಿದಳು, ಕಾಯಿಲೆಯಲ್ಲಿ ಎದೆ ನೀವಿದಳು. ಸ್ವಂತ ಮಗನನ್ನು ಮಣ್ಣಿಗಿಡುವಾಗ ಒಂದಕ್ಷರ ಎಡವದ ಗಂಟಲು ಎಂಥದು ಎಂದು ಒಳಗೊಳಗೇ ಕೇಳಿಕೊಳ್ಳುತ್ತಲೇ ಇದ್ದಳು.

*

ನಾಲ್ಕು ಗಂಟೆಗೆ ಪೆಟ್ಟಿಗೆ ಎತ್ತಿದರು. ಸ್ವಾಮಿಗಳು ಕನ್ನಡದಲ್ಲಿ ಪ್ರಾರ್ಥಿಸಿದರು, ತೀರ್ಥ ಚಿಮುಕಿಸಿದರು. ಹಗ್ಗ ಕೊಟ್ಟು ಪೆಟ್ಟಿಗೆ ಇಳಿಸುವ ಹೊತ್ತಾಯಿತು. ಬೈಲಪ್ಪ ಬೇಲಿಯಾಚೆ ತನ್ನ ಮಾಮೂಲಿ ಜಾಗದಲ್ಲಿ ಗುದ್ದಲಿ ಊರಿಕೊಂಡು ನಿಂತಿದ್ದ. ಬಾಯಿ ಮುಚ್ಚಿತ್ತು.

ಜ್ಞಾನಮ್ಮ ಅವನ ಕಡೆ ನೋಡಿದಳು. ಕೇಳಲಿಲ್ಲ, ಕೈ ಮುಗಿಯಲಿಲ್ಲ. ನೋಡಿದಳು ಅಷ್ಟೇ.

ಹಗ್ಗ ಬಿಗಿಯಿತು. ಆಗ ಬೇಲಿಯ ಕಡೆಯಿಂದ ದಪ್ಪ ದನಿಯೊಂದು ಎದ್ದಿತು.

ಪೆಟ್ಟಿಗೆ ಹಿಡಿದವರು ತಲೆಯೆತ್ತಿದರು. ರಾಗ ಅದೇ. ಮಾತುಗಳು ಮಾತ್ರ ರಾಗಿಕಲ್ಲಿನಲ್ಲಿ ಸಿಕ್ಕಿ ಬಂದಂತಿದ್ದವು. ಕೊನೆಯ ವ್ಯಂಜನಗಳೆಲ್ಲ ಉದುರಿ, ಪ್ರತಿಯೊಂದು ಮಾತೂ ಕನ್ನಡದ ಮಾತಿನಂತೆ ಬಾಯ್ತೆರೆದು ಮುಗಿಯುತ್ತಿತ್ತು.

"ಎಲ್ಲಾ ತಪ್ಪು," ಎಂದು ಚೌರಪ್ಪ ಪಿಸುಗುಟ್ಟಿದ.

"ಇರ್ಲಿ ಬಿಡಿ," ಎಂದರು ಸ್ವಾಮಿಗಳು ಮೆಲ್ಲಗೆ. "ಇಟಲಿಯ ಸಂತೇಲೂ ಹಿಂಗೇ ಮಾತಾಡ್ತಾರೆ." ಅವರು ಬೇಲಿಯ ತಡಿಕೆಯನ್ನು ತಾವೇ ಸರಿಸಿ ದಾರಿ ಬಿಟ್ಟರು. ಬೈಲಪ್ಪ ಒಳಗೆ ಬರಲಿಲ್ಲ, ಹಾಡು ಬಂತು.

ಐದನೆಯ ಸಾಲಿನ ನಡುವೆ ದನಿ ನಿಂತಿತು. ಉಸಿರೊಂದು ಗಂಟಲಿನಲ್ಲಿ ಸಿಕ್ಕಿಕೊಂಡಂತೆ ಸದ್ದಾಯಿತು. ಮರೆತುಹೋಯಿತೇನೋ ಎಂದು ಜನ ತಿರುಗಿದರು. ಎರಡು ಸಲ ಉಸಿರೆಳೆಯುವಷ್ಟು ಹೊತ್ತು ಮೌನ. ಆಮೇಲೆ ಅದೇ ಮಾತನ್ನು ಮೊದಲಿನಿಂದ ಹಿಡಿದು, ಇನ್ನಷ್ಟು ಮೆತ್ತಗೆ, ಬೈಲಪ್ಪ ಕೊನೆಯವರೆಗೂ ಹಾಡಿದ. ಒಂದು ಸಾಲೂ ಬಿಡಲಿಲ್ಲ. ಪೆಟ್ಟಿಗೆ ತಳ ಮುಟ್ಟಿತು.

ಜನ ಹಿಡಿಮಣ್ಣು ಹಾಕಿ ಹೊರಟರು. ಬೈಲಪ್ಪ ಮಣ್ಣು ಎಳೆಯತೊಡಗಿದ. ಜ್ಞಾನಮ್ಮ ಒಬ್ಬಳೇ ನಿಂತಿದ್ದಳು.

"ನಡುವೆ ಯಾಕೆ ನಿಂತೆ ಬೈಲಪ್ಪ? ಮರೆತುಹೋಯ್ತಾ?"

"ಇಲ್ಲವ್ವ. ಅಲ್ಲಿ ನಿಲ್ಲಿಸ್ಬೇಕು ಅಲ್ವಾ?" ಅವನು ಗುದ್ದಲಿ ತಡೆದ. "ನಾನು ಮೊದಲು ಕೇಳಿ ಕಲ್ತಾಗ ಉಪದೇಶಿಗಳು ಅಲ್ಲೇ ನಿಲ್ಸಿದ್ರು. ಗಂಟಲು ಕಟ್ಟಿದ ಹಂಗೆ ಮಾಡಿ, ಮತ್ತೆ ಹಿಡಿದ್ರು. ಹಾಡೇ ಹಂಗೆ ಅಂದ್ಕೊಂಡೆ. ಆಮೇಲೆ ಎಷ್ಟೋ ಸಾವಲ್ಲಿ ಕೇಳ್ದೆ, ಅಲ್ಲಿ ನಿಲ್ಲಿಸ್ತಿರಲಿಲ್ಲ. ಯಾವ್ದು ಸರಿಯೋ ನನಗೇನು ಗೊತ್ತು. ಕಲ್ತಿದ್ದು ಕಲ್ತ ಹಂಗೇ ಬಂತು."

"ಮೊದಲು ಕಲ್ತಿದ್ದು ಯಾವಾಗ?"

ಬೈಲಪ್ಪ ಮೂಲೆಯ ಸಣ್ಣ ಶಿಲುಬೆಯ ಕಡೆ ನೋಡಿ, ತಲೆ ತಗ್ಗಿಸಿದ.

ಜ್ಞಾನಮ್ಮ ಕೇಳಿದ್ದು ಅಷ್ಟೇ. ಅರ್ಧ ತುಂಬಿದ ಗುಂಡಿಯ ಅಂಚಿನಲ್ಲಿ ಕುಳಿತುಕೊಂಡಳು. ಅಲ್ಲಿಯವರೆಗೂ ಬಾರದಿದ್ದ ಅಳು ಬಂತು. ಬೈಲಪ್ಪ ಗುದ್ದಲಿಯ ಸದ್ದು ಮಾಡದೆ, ಕೈಯಿಂದಲೇ ಸ್ವಲ್ಪ ಸ್ವಲ್ಪ ಮಣ್ಣು ಎಳೆಯುತ್ತಾ ಕಾದ.

ಸೂರ್ಯ ಇಳಿಯುವ ಹೊತ್ತಿಗೆ ಅವನು ಕೈಕಾಲು ತೊಳೆದು, ಸತ್ತವರ ಮನೆಯ ಬೇಲಿಯ ಹೊರಗೆ ವಾಡಿಕೆಯಂತೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಮುಂದೆ ಮುತ್ತುಗದ ಎಲೆ. ಯಾರಾದರೂ ಬಂದು ಮುಟ್ಟದೆ ಮೇಲಿನಿಂದ ಊಟ ಹಾಕಿ ಹೋಗುತ್ತಾರೆ.

ಒಳಗೆ ಮುನಿವೆಂಕಟಮ್ಮ ಜ್ಞಾನಮ್ಮನ ಮುಂದೆ ಮುದ್ದೆ, ಹುರುಳಿಕಾಳಿನ ಸಾರು ತಂದಿಟ್ಟಿದ್ದಳು. "ಬೆಳಿಗ್ಗೆಯಿಂದ ಒಂದು ತೊಟ್ಟು ನೀರಿಲ್ಲ. ಎರಡು ತುತ್ತು ತಿನ್ನು."

ಜ್ಞಾನಮ್ಮ ಎದ್ದಳು. ಗೂಡಿನಿಂದ ಇನ್ನಾಸಪ್ಪನ ಕಂಚಿನ ತಟ್ಟೆ ತೆಗೆದು ಸೆರಗಿನಿಂದ ಒರೆಸಿ, ಮುದ್ದೆಯನ್ನು ಅದಕ್ಕೆ ಹಾಕಿ, ಸಾರು ಬಿಟ್ಟಳು. ಜಗಲಿಯವರು ತಿರುಗಿ ನೋಡಿದರು. ಚೌರಪ್ಪ "ಅತ್ತಿಗೆ..." ಎಂದು ಅರ್ಧಕ್ಕೆದ್ದ. ಮುನಿವೆಂಕಟಮ್ಮ ಮುಂದೆ ಹೋಗಿ ಬೇಲಿ ಬಾಗಿಲ ಅಗಳಿ ಸರಿಸಿ ಕೊಟ್ಟಳು.

ಬೈಲಪ್ಪ ಎಲೆಯನ್ನು ಎತ್ತಿ ಹಿಡಿದ. ಜ್ಞಾನಮ್ಮ ಎಲೆಯನ್ನು ಪಕ್ಕಕ್ಕೆ ಸರಿಸಿ, ಅವನೆದುರು ಬಗ್ಗಿ, ಬಿಸಿ ತಟ್ಟೆಯನ್ನು ಅವನ ಎರಡೂ ಕೈಗಳಲ್ಲಿಟ್ಟಳು.