ಲಖನನ ನೆದರು

ನಮ್ಮದು ಮಾಟಗಾತಿಯರ ಮನೆತನ ಅಂದರೆ ದೊಡ್ಡ ಮಾತಾದೀತು. ಮಸಗುಪ್ಪಿಯಲ್ಲಿ ಯಾರಿಗಾದರೂ ಕೆಟ್ಟ ಕಣ್ಣು ತಗುಲಿದರೆ, ಅಂದರೆ ನೆದರಾದರೆ, ನನ್ನ ಅಜ್ಜಿ, ಆಯಿ ಸಾತವ್ವ, ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಘಾಟು ಬರದಿದ್ದರೆ ನೆದರು ಹೋಯಿತೆಂದು ಅರ್ಥ. ಈ ವಿದ್ಯೆ ಅವ್ವನನ್ನು ದಾಟಿ ನನಗೇ ಇಳಿದಿದೆ ಎಂಬುದು ಆಯಿಯ ತೀರ್ಮಾನ. ನನಗೋ ಅನ್ನಕ್ಕೆ ನೀರೆಷ್ಟು ಅನ್ನುವುದೇ ಇನ್ನೂ ತಿಳಿದಿಲ್ಲ.

ಅರಭಾವಿಯ ತೋಟಗಾರಿಕೆ ಕಾಲೇಜಿನ ಲ್ಯಾಬಿನಲ್ಲಿ ನನ್ನ ಕೆಲಸ. ಘೋಡಗೇರಿಯ ಲಖನ ಅಲ್ಲೇ ನರ್ಸರಿಯಲ್ಲಿ ಮಾವಿಗೆ ಕಸಿ ಕಟ್ಟುತ್ತಾನೆ. ಸಂಜೆ ಅವನ ಬಸ್ಸು ಆ ಕಡೆ, ನನ್ನದು ಈ ಕಡೆ. ಬಸ್ಸು ಬರುವ ತನಕ ನಾನು ಅವನನ್ನು ನೋಡುತ್ತಿದ್ದೆ. ಮಾತಿಲ್ಲ, ಕಥೆಯಿಲ್ಲ. ಇದನ್ನೇ ಪ್ರೇಮ ಅಂದುಕೊಂಡಿದ್ದೆ.

ಒಂದು ರವಿವಾರ ಅವನ ತಾಯಿ ಶೋಭಾ ಅವನನ್ನು ನಮ್ಮ ಮನೆಗೇ ಕರೆತಂದಳು. ಊಟವಿಲ್ಲ, ನಿದ್ದೆಯಿಲ್ಲ, ಮೊನ್ನೆ ಕಸಿ ಕಟ್ಟುವಾಗ ಗಿಡಕ್ಕೆ ಸುತ್ತುವ ಪಟ್ಟಿಯನ್ನು ತನ್ನ ಬೆರಳಿಗೇ ಸುತ್ತಿಕೊಂಡನಂತೆ. ಯಾವಳೋ ಕಣ್ಣು ಹಾಕಿದ್ದಾಳೆ, ಅವಳ ಕಣ್ಣು ಇಂಗಿ ಹೋಗಲಿ ಎಂದು ನನ್ನ ಮುಂದೆಯೇ ಬೈದಳು. ನಾನು ಆಕೆಗೆ ಚಹಾ ಕೊಟ್ಟೆ.

ಆಯಿ ಉಪ್ಪು, ಮೆಣಸಿನಕಾಯಿ ನನ್ನ ಮುಷ್ಟಿಗೇ ತುರುಕಿದಳು. ಸರಿಯಾಗಿ ತೆಗೆದರೆ ಹುಡುಗ ಗುಣವಾಗುತ್ತಾನೆ, ಆದರೆ ಅವನನ್ನು ಬಿಟ್ಟುಹೋಗುವ ಕಾಯಿಲೆ ನಾನೇ. ಹಾಗಾಗಿ ನಾನು ಉಲ್ಟಾ ನಿವಾಳಿಸಿದೆ. ಒಲೆಗೆ ಹಾಕಿದ್ದೇ ತಡ, ಎಂಥ ಘಾಟು! ಎಲ್ಲರೂ ಕೆಮ್ಮಿದರು. ಲಖನ ಕಣ್ಣೀರು ಸುರಿಸುತ್ತ ಗೋಡೆ ಹಿಡಿದು ನಿಂತ. ನಿದ್ದೆಗೆಟ್ಟ ಆ ಮುಖ ನೋಡಿ ನನಗೆ ನಾಚಿಕೆಯಾಯಿತು.

ಆಯಿ ಕಿವಿಯ ಹತ್ತಿರ ಬಂದಳು. "ನೆದರ ನಿಂದ ಐತಿ ಅಂತ ನನಗ ಗೊತ್ತಿಲ್ಲೇನ? ಹಾಕಿದಾಕಿನಾ ತಗೀಬೇಕ. ತಗಿ."

ಈ ಸಲ ಮನಸ್ಸಿಟ್ಟು ತೆಗೆದೆ. ಮೆಣಸಿನಕಾಯಿ ಶೇಂಗಾ ಸಿಪ್ಪೆಯ ಹಾಗೆ ಸದ್ದಿಲ್ಲದೆ, ಘಾಟಿಲ್ಲದೆ ಸುಟ್ಟುಹೋದವು. ಲಖನ ಆಕಳಿಸಿ ರೊಟ್ಟಿ ಕೇಳಿದ. ಪುಂಡಿಪಲ್ಯ ಹಾಕಿಸಿಕೊಂಡು ಉಂಡೇ ಉಂಡ. ನನ್ನ ವಿದ್ಯೆ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಅದೇ ಮೊದಲು, ಅದೂ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡು.

ಹೊರಟಾಗ ಆಯಿ ಎಚ್ಚರಿಸಿದಳು: ಹಿಂದಕ್ಕೆ ಹೊಳ್ಳಿ ನೋಡದೆ ಹೋಗಬೇಕು, ನೋಡಿದರೆ ನೆದರು ಮತ್ತೆ ಹತ್ತುತ್ತದೆ. ಇಬ್ಬರೂ ಓಣಿಯ ತುದಿ ಮುಟ್ಟಿದರು. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ.

ಲಖನ ನಿಂತ. ನಿಧಾನಕ್ಕೆ, ಪೂರ್ತಿ ಹೊಳ್ಳಿ ನಿಂತು ನೋಡಿದ.

"ನೋಡಿದ್ನಿ ನೋಡ್ರಿ. ಇನ್ನ ಮತ್ತ ಬರಬೇಕಾಕ್ಕೈತಿ."

ಶೋಭಾ ಹಣೆ ಬಡಿದುಕೊಂಡು, ಮಗನ ಕಣ್ಣು ಹೋದ ದಾರಿ ಹಿಡಿದು ನೋಡುತ್ತ ನೋಡುತ್ತ ನನ್ನ ತನಕ ಬಂದಳು.

"ಹಂಗಾರ ಕಣ್ಣ ಹಾಕಿದಾಕಿ ಈಕಿನಾ?"

ನಾನು ಬಾಗಿಲ ಹಿಂದೆ ಸರಿಯಲು ನೋಡಿದೆ. ಮಾಯವಾಗುವ ವಿದ್ಯೆ ನಮ್ಮ ಮನೆತನದಲ್ಲಿಲ್ಲ.